2 ಆಣೆ ಜಮೀನಿನ ಹೂವು

ನಿಮ್ಮೂರಿನ ಮಡ್ಡಿ ನೆನಪು ಮಾಡ್ಕೊಳ್ರಿ. ಗರಸು, ಕಲ್ಲು, ಒಣ ಹುಲ್ಲು, ನಡುವೆ ನಾಲ್ಕು ಜಾಲಿ ಕಂಟಿ. ಚಿಕ್ಕೋಡಿ ದಾಟಿ ರಾಯಬಾಗ, ಅಥಣಿ ಕಡೆ ಹೋದಷ್ಟೂ ಮಳೆ ಕಡಿಮೆ, ಇಂಥ ನೆಲ ಜಾಸ್ತಿ. “ಅಲ್ಲೇನೈತಿ, ಏನೂ ಬೆಳೆಯಂಗಿಲ್ಲ” ಅಂತೀವಲ್ಲ, ಈ ಸಲದ ಸರಣಿ ಆ ಮಾತಿನ ಇತಿಹಾಸದ ಬಗ್ಗೆನೇ. ಅದಕ್ಕೊಂದು ಸಣ್ಣ ಹೂವು ಸಾಕ್ಷಿ.

ಹೂವಿನ ಕುಲದ ಹೆಸರು ಸೆರೋಪೀಜಿಯಾ. ಮರಾಠಿಯಲ್ಲಿ ಖರಪುಡಿ ಅಂತಾರೆ. 1753ರಲ್ಲಿ ಲಿನೇಯಸ್ ಇಟ್ಟ ಈ ಹೆಸರಿಗೆ ಗ್ರೀಕ್‌ನಲ್ಲಿ ಮೇಣದ ಚಿಲುಮೆ ಅಂತ ಅರ್ಥ. ಭಾರತದಲ್ಲಿ ಇದರ 50ಕ್ಕೂ ಹೆಚ್ಚು ಜಾತಿಗಳಿವೆ. ಅದರಲ್ಲಿ ಬಹಳಷ್ಟು ಪಶ್ಚಿಮ ಘಟ್ಟ ಮತ್ತು ದಖ್ಖನ್ ಬಿಟ್ಟು ಬೇರೆಲ್ಲೂ ಸಿಗೋದಿಲ್ಲ, ಎಷ್ಟೋ ಅಳಿವಿನ ಅಂಚಿಗೆ ಬಂದಿವೆ. ಒಣ ನೆಲದಲ್ಲಿ ಬರೋದು ಸೆರೋಪೀಜಿಯಾ ಬಲ್ಬೋಸಾ. ಮಳೆಗಾಲದಲ್ಲಿ ಕಂಟಿ ಹಿಡಿದು ಹಬ್ಬುವ ತೆಳು ಬಳ್ಳಿ, ಬೆರಳಿನ ಒಂದು ಗೆಣ್ಣಿನಷ್ಟು ಹೂವು. ಬುಡ ಉಬ್ಬಿರ್ತದೆ, ಮೇಲೆ ಕೊಳವೆ, ತುದಿಯಲ್ಲಿ ಐದು ಎಸಳು ಕೂಡಿ ಪಂಜರದ ಆಕಾರ. ಮಳೆ ಮುಗಿದ ಮೇಲೆ ಬಳ್ಳಿ ಒಣಗ್ತದೆ. ಗಡ್ಡೆ ಮಾತ್ರ ಮಣ್ಣೊಳಗೆ ಮುಂದಿನ ಮುಂಗಾರಿನ ದಾರಿ ಕಾಯ್ತಾ ಕೂತಿರ್ತದೆ.

ಪಂಜರದ ಕಥೆ ಕೇಳ್ರಿ. ವಾಸನೆ ಹಿಡಿದು ಬಂದ ಸಣ್ಣ ನೊಣ ಕೊಳವೆಯೊಳಗೆ ಜಾರಿ ಬೀಳ್ತದೆ. ಒಳಗಿನ ಕೂದಲು ಕೆಳಮುಖ, ಹಂಗಾಗಿ ಹೊರಗೆ ಹತ್ತೋಕೆ ಆಗಲ್ಲ. ಒಂದು ದಿನ ಕಳೆದ ಮೇಲೆ ಕೂದಲು ಬಾಡಿ ದಾರಿ ಬಿಡ್ತದೆ, ನೊಣ ಪರಾಗ ಹೊತ್ತು ಹೊರಗೆ ಬರ್ತದೆ. ಜೈಲಲ್ಲ, ಒಂದು ದಿನದ ಲಾಡ್ಜಿಂಗ್ ಅನ್ನಿ! ಆದ್ರೆ ಹಂಗೆ ಬಿಡುಗಡೆಯಾದ ನೊಣಕ್ಕೆ ಹತ್ತಿರದಲ್ಲೇ ಇನ್ನೊಂದು ಹೂವು ಬೇಕು. ಮಡ್ಡಿಯಲ್ಲಿ ಒಂದೇ ಬಳ್ಳಿ ಉಳಿದಿದ್ರೆ ಆ ಪರಾಗ ಎಲ್ಲಿಗೆ ಹೋಗ್ಬೇಕು?

ಬಲ್ಬೋಸಾ ಪುಸ್ತಕ ಸೇರಿದ್ದು 1795ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ವಿಲಿಯಂ ರಾಕ್ಸ್‌ಬರ್ಗ್ ಕೋರಮಂಡಲ ತೀರದ ಸಸ್ಯಗಳ ಬಗ್ಗೆ ಬರೆದ ಪುಸ್ತಕ ಅದು. ಚಿತ್ರ ಬರೆದವರು ನಮ್ಮ ದೇಶದ ಕಲಾವಿದರು. ಹೆಸರು ಉಳಿದದ್ದು ಮಾತ್ರ ಸಾಹೇಬರದ್ದು, ಅದೇನು ಹೊಸದಲ್ಲ ಬಿಡ್ರಿ. ಬೆಳಗಾವಿ ಮುಂದೆ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಅದಕ್ಕೇ ನಮ್ಮ ಸೀಮೆಯ ಗಿಡಗಳ ದಾಖಲೆ ಹುಡುಕಿದ್ರೆ 1901ರಿಂದ 1908ರವರೆಗೆ ಬಂದ ಥಿಯೋಡೋರ್ ಕುಕ್ ಅವರ ಮುಂಬೈ ಪ್ರಾಂತ್ಯದ ಸಸ್ಯಗ್ರಂಥ ತೆಗೀಬೇಕು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಪುಸ್ತಕದ ಹೆಸರು ಮುಂಬೈದೇ ಉಳೀತು.

ಈಗ ನಮ್ಮ ಬಿಕಾಂ ಭಾಷೆಗೆ ಬರೋಣ. ಗಿಡ ಎಣಿಸೋರು ಗಿಡ ಎಣಿಸ್ತಿದ್ದಾಗ ಸರ್ಕಾರ ಮಣ್ಣಿಗೆ ರೇಟ್ ಹಾಕ್ತಿತ್ತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅನ್ನೋ ಇಬ್ಬರು ಅಧಿಕಾರಿಗಳು 1830ರ ದಶಕದಲ್ಲಿ ಪುಣೆ ಕಡೆಯ ಇಂದಾಪುರದಿಂದ ಶುರು ಮಾಡಿದ ಸರ್ವೇ ಮುಂದೆ ನಮ್ಮ ಕಡೆಗೂ ಬಂತು. (ರಾಯಬಾಗದವರೇ, ನಿಮ್ಮದು ಆಗ ಕೊಲ್ಹಾಪುರ ಸಂಸ್ಥಾನ.) 1847ರ ವರದಿಯಲ್ಲಿ ಮಣ್ಣಿಗೆ ಒಂಬತ್ತು ದರ್ಜೆ. ಆಳವಾದ ಒಳ್ಳೆ ಮಣ್ಣು 16 ಆಣೆ, ಕೊನೆಯ ದರ್ಜೆ 2 ಆಣೆ. ಮಣ್ಣಿನ ಆಳ ಕಡಿಮೆಯಾದಂಗೆ, ಹರಳು ಬೆರೆತಂಗೆ, ಇಳಿಜಾರಾದಂಗೆ ಬೆಲೆ ಇಳೀತಾ ಹೋಗ್ತಿತ್ತು. ನೇಗಿಲಿಗೆ ಬಗ್ಗದ್ದು ಲೆಕ್ಕದಿಂದಲೇ ಹೊರಗೆ, ಅದು ಖರಾಬ.

ಕಂದಾಯ ಎಷ್ಟು ಬರ್ತದೆ ಅನ್ನೋದಕ್ಕೆ ಈ ಲೆಕ್ಕ ಸರಿನೇ. ಆದ್ರೆ ಅದು ಒಂದೇ ಕಾಲಂ ಇರೋ ಖಾತೆ ಪುಸ್ತಕ. ಸಾರ ಇಲ್ಲದ ನೆಲ ಅಂತ ರೈತ ಬಿಟ್ಟ, ನೇಗಿಲು ಹೋಗಲಿಲ್ಲ, ಗೊಬ್ಬರ ಬೀಳಲಿಲ್ಲ. ಅದರಿಂದಲೇ ಇಂಥ ಗಡ್ಡೆ ಗಿಡಗಳು ಬದುಕಿದವು. ಅಂದ್ರೆ ‘ಖರಾಬ’ ಅನ್ನೋ ಹೆಸರು ನೂರು ವರ್ಷದ ಮೇಲೆ ಅವನ್ನ ಕಾದಿತ್ತು.

ಮುಂದೆ ಅದೇ ಹೆಸರು ತಿರುಗಿಬಿತ್ತು. 1985ರಲ್ಲಿ ರಾಷ್ಟ್ರೀಯ ಬಂಜರು ಭೂಮಿ ಅಭಿವೃದ್ಧಿ ಮಂಡಳಿ ಬಂತು. 2000ದಲ್ಲಿ ಬಂಜರು ಭೂಮಿಯ ನಕಾಶೆಗಳೇ ಅಚ್ಚಾದವು. ಹುಲ್ಲುಗಾವಲು, ಕುರುಚಲು ಕಾಡು ಎಲ್ಲಾ ಬಂಜರು ಪಟ್ಟಿಯಲ್ಲಿ. ಬಂಜರು ಅಂದ ಮೇಲೆ ಉಪಯೋಗಕ್ಕೆ ತರ್ಲೇಬೇಕಲ್ಲ? ನೀಲಗಿರಿ ಹಾಕು, ಗರಸು ಅಗಿ, ಪ್ಲಾಟ್ ಮಾಡು. ನೀರು ಬಂದಲ್ಲಿ ಮಡ್ಡಿ ಒಡೆದು ಕಬ್ಬು ಹಾಕಿದ ರೈತನನ್ನ ನಾನು ಬೈಯಲ್ಲ, ಅವನ ಮನೆ ನಡೀಬೇಕು. ದನ ಕಾಯೋರು ಹಸಿವಾದಾಗ ಒಂದೆರಡು ಗಡ್ಡೆ ಕಿತ್ತು ತಿಂದಿರಬಹುದು, ಅವರನ್ನೂ ಬೈಯಲ್ಲ. ಜೆಸಿಬಿ ಒಂದು ಮುಂಜಾನೆಯಲ್ಲಿ ಮಾಡೋ ಕೆಲಸ ಅವರು ತಲೆಮಾರುಗಟ್ಟಲೆ ಮಾಡಿಲ್ಲ.

ಒಂದು ಒಳ್ಳೆ ಸುದ್ದಿನೂ ಐತಿ. ನಿಪ್ಪಾಣಿಯಿಂದ ಸುಮಾರು 40 ಕಿ.ಮೀ. ದೂರದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಪ್ರೊ. ಶ್ರೀರಂಗ ಯಾದವ್ ಮತ್ತು ಅವರ ವಿದ್ಯಾರ್ಥಿಗಳು ಸೆರೋಪೀಜಿಯಾದ ಹೊಸ ಜಾತಿಗಳನ್ನೇ ಪತ್ತೆ ಮಾಡಿದ್ದಾರೆ. ಅಲ್ಲಿನ ಸಸ್ಯೋದ್ಯಾನದಲ್ಲಿ ಅಪರೂಪದ ಜಾತಿಗಳನ್ನ ಬೆಳೆಸಿ ಉಳಿಸ್ತಿದ್ದಾರೆ. ಬಾಟನಿ ಓದೋ ಗೆಳೆಯರಿಗೆ ಇದನ್ನ ಟ್ಯಾಗ್ ಮಾಡ್ರಿ.

ಈಗ ನಿಮ್ಮ ಕೆಲಸ. ಮನೇಲಿರೋ ಉತಾರ ತೆಗೀರಿ. ‘ಫೋಟ್ ಖರಾಬ’ ಅಂತ ಇರ್ತದೆ, ಅದರಲ್ಲಿ ಅ ಅಂದ್ರೆ ಸಾಗುವಳಿಗೆ ಬಾರದ್ದು, ಬ ಅಂದ್ರೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಎಷ್ಟು ಗುಂಟೆ ಐತಿ ನೋಡ್ರಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಒಂದು ಮುಂಜಾನೆ ಆ ಗುಂಟೆಯಲ್ಲಿ, ಇಲ್ಲಾ ಊರ ಗಾಯರಾಣದಲ್ಲಿ ತಲೆ ತಗ್ಗಿಸಿ ನಡೀರಿ. ಪಂಜರದ ಹೂವು ಕಂಡ್ರೆ ಕೀಳಬ್ಯಾಡ್ರಿ, ಎಲೆ ಮತ್ತು ಹೂವು ಎರಡೂ ಕಾಣುವಂಗೆ ಫೋಟೋ ತೆಗೆದು ನನಗೆ ಮೆಸೇಜ್ ಮಾಡ್ರಿ. ಸ್ಟೋರಿಗೆ ಹಾಕೋದಾದ್ರೆ ಲೊಕೇಶನ್ ಮಾತ್ರ ಹಾಕಬ್ಯಾಡ್ರಿ, ಗಡ್ಡೆ ಸಮೇತ ಕಿತ್ಕೊಂಡು ಹೋಗೋರೂ ಅದನ್ನ ನೋಡ್ತಿರ್ತಾರೆ.