ವಿದ್ಯುತ್ ವಾಹನಗಳ ಚಾರ್ಜಿಂಗ್ ಹಾಗೂ ಅಂತರ್ಜಾಲ ಸಂಪರ್ಕದ ತೊಂದರೆಗಳು: ಚಾಮರಾಜನಗರ ಮತ್ತು ಗುಂಡ್ಲುಪೇಟೆ ಭಾಗದ ಸಾರ್ವಜನಿಕರಿಗೆ ಮಾಹಿತಿ

ಗುಂಡ್ಲುಪೇಟೆ ಪಟ್ಟಣವು ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಸ್ಥಳವಾಗಿರುತ್ತದೆ. ಮೈಸೂರಿನ ಕಡೆಯಿಂದ ಬರುವ 766ನೇ ಹೆದ್ದಾರಿಯು ಇಲ್ಲಿಂದ ಮದ್ದೂರು, ಮೂಲೆಹೊಳೆ ಮಾರ್ಗವಾಗಿ ಕೇರಳದ ಸುಲ್ತಾನ್ ಬತ್ತೇರಿಗೆ ಸಾಗುತ್ತದೆ. 181ನೇ ಹೆದ್ದಾರಿಯು ಬಂಡೀಪುರದ ಮೂಲಕ ಗೂಡಲೂರು ಹಾಗೂ ಊಟಿಗೆ ಹೋಗುತ್ತದೆ. ಎರಡೂ ರಸ್ತೆಗಳು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶವನ್ನು ಹಾದು ಹೋಗುವುದರಿಂದ, ವನ್ಯಜೀವಿಗಳ ರಕ್ಷಣೆಗಾಗಿ ರಾತ್ರಿ 9 ರಿಂದ ಬೆಳಿಗ್ಗೆ 6 ಗಂಟೆಯವರೆಗೆ ವಾಹನ ಸಂಚಾರವನ್ನು 2009ರಲ್ಲಿ ಜಿಲ್ಲಾಡಳಿತವು ನಿಷೇಧಿಸಿ ಆದೇಶಿಸಿತು. ಸದರಿ ನಿಷೇಧವನ್ನು ಮಾನ್ಯ ಉಚ್ಚ ನ್ಯಾಯಾಲಯವು 2010ರ ಮಾರ್ಚ್‌ನಲ್ಲಿ ಎತ್ತಿ ಹಿಡಿದಿರುತ್ತದೆ. ತುರ್ತು ವಾಹನಗಳು ಹಾಗೂ ಸೀಮಿತ ಸಂಖ್ಯೆಯ ಬಸ್ಸುಗಳನ್ನು ಹೊರತುಪಡಿಸಿ ಉಳಿದವರಿಗೆ ವಿನಾಯಿತಿ ಇರುವುದಿಲ್ಲ.

ಈ ಕಾರಣದಿಂದ ಗುಂಡ್ಲುಪೇಟೆಯಲ್ಲಿ ವಿದ್ಯುತ್ ಕಾರಿನ ಚಾರ್ಜಿಂಗ್ ಒಂದು ಗಂಟೆ ತಡವಾದರೆ ಅದು ಬರೇ ಒಂದು ಗಂಟೆಯ ನಷ್ಟವಾಗಿ ಉಳಿಯುವುದಿಲ್ಲ. ಪ್ರಯಾಣವೇ ಮರುದಿನ ಬೆಳಿಗ್ಗೆಗೆ ಮುಂದೂಡಲ್ಪಡುತ್ತದೆ. ಇಂತಹ ಸಂದರ್ಭದಲ್ಲಿ ಸಾರ್ವಜನಿಕರು ಯಾರನ್ನು ಕೇಳಬೇಕೆಂದು ತಿಳಿಯದೆ, ವಿದ್ಯುತ್ ಕಚೇರಿಗೆ ಹೇಳಬೇಕಾದುದನ್ನು ಮೊಬೈಲ್ ಕಂಪನಿಗೂ, ಚಾರ್ಜಿಂಗ್ ಸಂಸ್ಥೆಗೆ ಹೇಳಬೇಕಾದುದನ್ನು ವಿದ್ಯುತ್ ಕಚೇರಿಗೂ ಹೇಳಿ ಸಮಯ ಕಳೆದುಕೊಳ್ಳುವುದುಂಟು. ಅಡಚಣೆ ಯಾವ ಕಡೆ ಉಂಟಾಗಿದೆ ಎಂಬುದನ್ನು ಗುರುತಿಸಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

ಚಾರ್ಜಿಂಗ್ ಯಂತ್ರಕ್ಕೆ ಅಂತರ್ಜಾಲ ಏಕೆ ಬೇಕು?

ಮನೆಯ ಪ್ಲಗ್ಗಿನಲ್ಲಿ ಅಂತರ್ಜಾಲದ ಅಗತ್ಯವಿಲ್ಲದೆ ವಿದ್ಯುತ್ ಹರಿಯುತ್ತದೆ. ಸಾರ್ವಜನಿಕ ಚಾರ್ಜಿಂಗ್ ಯಂತ್ರದಲ್ಲಿ ಹಾಗಲ್ಲ. ಗ್ರಾಹಕರು ತಮ್ಮ ಮೊಬೈಲ್‌ನ ಆ್ಯಪ್‌ನಲ್ಲಿ ಸಂಕೇತವನ್ನು ಸ್ಕ್ಯಾನ್ ಮಾಡಿದಾಗ ಆ ಕೋರಿಕೆಯು ಮೊದಲು ದೂರದಲ್ಲಿರುವ ಸಂಸ್ಥೆಯ ಸರ್ವರ್‌ಗೆ ತಲುಪುತ್ತದೆ. ಸರ್ವರ್ ಹಣವನ್ನು ಪರಿಶೀಲಿಸಿ, ಯಂತ್ರವನ್ನು ಪ್ರಾರಂಭಿಸುವ ಆದೇಶವನ್ನು ಮರಳಿ ಕಳುಹಿಸುತ್ತದೆ. ಯಂತ್ರದ ಒಳಗೆ ಸಾಮಾನ್ಯವಾಗಿ ಒಂದು ಮೊಬೈಲ್ ಸಿಮ್ ಇರುತ್ತದೆ. ಆದೇಶವು ಅದರ ಮೂಲಕವೇ ಬರಬೇಕು. ಅಂದರೆ ಗ್ರಾಹಕರ ಫೋನ್‌ಗೆ ಸಿಗ್ನಲ್ ಇದ್ದು ಯಂತ್ರದ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ, ಯಂತ್ರಕ್ಕೆ ಇದ್ದು ಫೋನ್‌ಗೆ ಇಲ್ಲದಿದ್ದರೂ, ಮೂರು ಮಾರು ದೂರದಲ್ಲಿರುವ ಕಾರಿಗೆ ವಿದ್ಯುತ್ ದೊರೆಯುವುದಿಲ್ಲ. ಚಾರ್ಜಿಂಗ್ ಕೇಂದ್ರಗಳು ಮುಂಗಡ ಕಾಯ್ದಿರಿಸುವಿಕೆಗಾಗಿ ಕನಿಷ್ಠ ಒಂದು ಆನ್‌ಲೈನ್ ಜಾಲ ಸೇವಾ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕೆಂದು ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಮಾರ್ಗಸೂಚಿಯಲ್ಲಿಯೂ ತಿಳಿಸಲಾಗಿತ್ತು. ಈ ವ್ಯವಸ್ಥೆಯು ನಗರದಲ್ಲಿ ಅನುಕೂಲಕರ. ಕಾಡಂಚಿನ ಊರಿನಲ್ಲಿ ಅದೇ ತೊಡಕಾಗುತ್ತದೆ.

ಅಡಚಣೆಯನ್ನು ಗುರುತಿಸುವ ಬಗೆ ಹೀಗಿದೆ. ಯಂತ್ರದ ಪರದೆಯೇ ಹೊತ್ತಿಲ್ಲದಿದ್ದರೆ ಅದು ವಿದ್ಯುತ್ ಸರಬರಾಜಿನ ಅಥವಾ ಯಂತ್ರದ ದೋಷ. ಪಕ್ಕದ ಅಂಗಡಿಯಲ್ಲಿ ದೀಪ ಉರಿಯುತ್ತಿದೆ ಎಂಬ ಮಾತ್ರಕ್ಕೆ ಸರಬರಾಜು ಸರಿಯಿದೆ ಎಂದು ತಿಳಿಯಬಾರದು. ಶೀಘ್ರ ಚಾರ್ಜಿಂಗ್ ಯಂತ್ರಕ್ಕೆ ಮೂರು ಫೇಸ್ ವಿದ್ಯುತ್ ಬೇಕು. ಮೂರರಲ್ಲಿ ಒಂದು ಫೇಸ್ ಹೋದರೂ ಯಂತ್ರ ನಿಲ್ಲುತ್ತದೆ, ಆದರೆ ಉಳಿದ ಫೇಸ್‌ಗೆ ಸೇರಿದ ಅಂಗಡಿಯ ದೀಪ ಉರಿಯುತ್ತಲೇ ಇರುತ್ತದೆ. ಮಳೆ ಗಾಳಿಯ ದಿನಗಳಲ್ಲಿ ಇದು ಅಪರೂಪವಲ್ಲ. ಪರದೆ ಹೊತ್ತಿದ್ದು, ಆ್ಯಪ್‌ನಲ್ಲಿ ಆ ಯಂತ್ರ 'ಆಫ್‌ಲೈನ್' ಎಂದು ತೋರಿದರೆ ಯಂತ್ರದ ಸಂಪರ್ಕ ಕಡಿದಿದೆ ಎಂದರ್ಥ. ಆ್ಯಪ್ ತೆರೆಯುವುದೇ ಇಲ್ಲವಾದರೆ ಮತ್ತೊಂದು ಕಂಪನಿಯ ಸಿಮ್ ಇರುವ ಫೋನ್‌ನಿಂದ ಪ್ರಯತ್ನಿಸಿ ನೋಡಬಹುದು. ಕೆಲವು ಸಂಸ್ಥೆಗಳು ನೀಡುವ ಆರ್‌ಎಫ್‌ಐಡಿ ಕಾರ್ಡ್ ಇದ್ದಲ್ಲಿ ಗ್ರಾಹಕರ ಫೋನ್‌ನ ಸಿಗ್ನಲ್ ಅಗತ್ಯ ಬೀಳುವುದಿಲ್ಲ. ಈ ಮಾರ್ಗದಲ್ಲಿ ಪದೇ ಪದೇ ಓಡಾಡುವವರು ಅಂತಹ ಕಾರ್ಡನ್ನು ಮುಂಚಿತವಾಗಿಯೇ ಪಡೆದಿಟ್ಟುಕೊಳ್ಳುವುದು ಸೂಕ್ತ. ಒಂದೊಂದು ಸಂಸ್ಥೆಗೆ ಒಂದೊಂದು ಆ್ಯಪ್, ಒಂದೊಂದು ಮುಂಗಡ ಹಣದ ಖಾತೆ ಇರುವುದು ಗ್ರಾಹಕರಿಗೆ ಹೊರೆಯೇ ಸರಿ. ಆದರೂ ಮಾರ್ಗದಲ್ಲಿ ಸಿಗುವ ಎರಡು ಮೂರು ಸಂಸ್ಥೆಗಳ ಆ್ಯಪ್‌ಗಳನ್ನು ಮೈಸೂರು ಅಥವಾ ಚಾಮರಾಜನಗರದಲ್ಲಿ ಸಿಗ್ನಲ್ ಇರುವಾಗಲೇ ಅಳವಡಿಸಿ, ನೋಂದಣಿ ಪೂರೈಸಿಕೊಳ್ಳುವುದು ಕ್ಷೇಮ. ಒಟಿಪಿ ಬಾರದ ಜಾಗದಲ್ಲಿ ಹೊಸ ನೋಂದಣಿ ಸಾಧ್ಯವಾಗದು.

ರಾತ್ರಿ 9 ಗಂಟೆಯ ಲೆಕ್ಕ

30 ಯೂನಿಟ್ ಸಾಮರ್ಥ್ಯದ ಬ್ಯಾಟರಿಯುಳ್ಳ ಕಾರು ಶೇ 20 ಚಾರ್ಜ್‌ನೊಂದಿಗೆ ಸಂಜೆ 7 ಗಂಟೆಗೆ ಗುಂಡ್ಲುಪೇಟೆ ತಲುಪಿದೆ ಎಂದಿಟ್ಟುಕೊಳ್ಳಬಹುದು. ಶೇ 80ಕ್ಕೆ ಏರಿಸಲು 18 ಯೂನಿಟ್ ಬೇಕು. ಕಾರು 25 ಕಿಲೋವ್ಯಾಟ್ ದರದಲ್ಲಿ ಸ್ವೀಕರಿಸುವಂತಿದ್ದರೆ ಶೀಘ್ರ ಯಂತ್ರದಲ್ಲಿ ಸುಮಾರು 45 ನಿಮಿಷ ಸಾಕು. ಚೆಕ್‌ಪೋಸ್ಟ್‌ವರೆಗೆ ಅರ್ಧ ಗಂಟೆ ಇಟ್ಟುಕೊಂಡರೂ 9ಕ್ಕೆ ಮುಂಚೆ ಕಾಡಿನ ಬಾಗಿಲು ತಲುಪಬಹುದು. ಶೀಘ್ರ ಯಂತ್ರ ಕೈಕೊಟ್ಟು 7.2 ಕಿಲೋವ್ಯಾಟ್‌ನ ನಿಧಾನ ಯಂತ್ರವೇ ಗತಿಯಾದರೆ ಎರಡೂವರೆ ಗಂಟೆ ಹಿಡಿಯುತ್ತದೆ, ಬಾಗಿಲು ಮುಚ್ಚಿರುತ್ತದೆ. ಹೋಟೆಲಿನ 15 ಆಂಪಿಯರ್ ಪ್ಲಗ್ಗಿನಲ್ಲಿ ಆರು ಗಂಟೆ ಬೇಕು. ಆದ್ದರಿಂದ ಸಂಜೆ 7ರ ನಂತರ ಬರುವವರು ಗುಂಡ್ಲುಪೇಟೆಯ ಒಂದೇ ಯಂತ್ರವನ್ನು ನಂಬಿಕೊಳ್ಳದೆ, ಸುಮಾರು 60 ಕಿ.ಮೀ. ಹಿಂದಿರುವ ಮೈಸೂರಿನಲ್ಲಿಯೇ ಚಾರ್ಜ್ ಮಾಡಿಕೊಂಡು ಹೊರಡುವುದು ಒಳಿತು.

ಊಟಿಗೆ ಹೋಗುವವರು ಇನ್ನೊಂದು ಅಂಶವನ್ನು ಗಮನಿಸತಕ್ಕದ್ದು. ಗುಂಡ್ಲುಪೇಟೆಗಿಂತ ಊಟಿಯು ಸುಮಾರು 1400 ಮೀಟರ್ ಎತ್ತರದಲ್ಲಿದೆ. ಪ್ರಯಾಣಿಕರೂ ಸೇರಿ 1600 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಏರಿಸುವುದಕ್ಕೇ ಸುಮಾರು 6 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ; ಇದು ಸಮತಟ್ಟು ರಸ್ತೆಯ ಖರ್ಚಿನ ಮೇಲಿನ ಹೆಚ್ಚುವರಿ. ಕಾರಿನ ಪರದೆಯಲ್ಲಿ ಕಾಣುವ ಕಿಲೋಮೀಟರ್ ಸಂಖ್ಯೆಯು ಅಲ್ಲಿಯವರೆಗೆ ಓಡಿಸಿದ ರಸ್ತೆಯ ಲೆಕ್ಕದ್ದಾಗಿರುವುದರಿಂದ, ಮೈಸೂರಿನಿಂದ ಬಂದವರಿಗೆ ಅದು ಹೆಚ್ಚಾಗಿಯೇ ತೋರುತ್ತದೆ. ಇಳಿಯುವಾಗ ಇದರಲ್ಲಿ ಒಂದು ಭಾಗ ಬ್ಯಾಟರಿಗೆ ಮರಳುತ್ತದಾದರೂ, ಏರುವಾಗ ಅದು ಉಪಯೋಗಕ್ಕೆ ಬಾರದು. ಅರಣ್ಯದ ಒಳಗೆ ವಾಹನ ನಿಲ್ಲಿಸುವುದು ನಿಷಿದ್ಧ. ಆನೆಗಳು ರಸ್ತೆ ದಾಟುವ ಸ್ಥಳಗಳಲ್ಲಿ ಚಾರ್ಜ್ ಮುಗಿದು ನಿಂತರೆ, ಸಿಗ್ನಲ್ ಇಲ್ಲದ ಕಡೆ ನೆರವು ಕೋರುವುದೂ ಕಷ್ಟ. ನೀಲಗಿರಿ ಜಿಲ್ಲೆಗೆ 2024ರ ಮೇ ತಿಂಗಳಿನಿಂದ ಜಾರಿಗೆ ಬಂದ ಇ-ಪಾಸ್ ಸಹ ಅಂತರ್ಜಾಲದಲ್ಲಿಯೇ ಪಡೆಯಬೇಕಾದುದರಿಂದ ಅದನ್ನು ಮನೆಯಿಂದ ಹೊರಡುವ ಮುನ್ನವೇ ಪಡೆದು, ಮುದ್ರಿತ ಪ್ರತಿಯನ್ನು ಇಟ್ಟುಕೊಳ್ಳುವುದು.

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ 948ನೇ ಹೆದ್ದಾರಿಯನ್ನು ಬದಲಿ ಮಾರ್ಗವೆಂದು ಭಾವಿಸುವಂತಿಲ್ಲ. ಆ ಮಾರ್ಗದ ದಿಂಬಂ ಘಾಟಿಯಲ್ಲಿಯೂ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಜಾರಿಯಲ್ಲಿದೆ.

ಹಣ ಕಡಿತವಾಗಿ ಚಾರ್ಜ್ ಆಗದಿದ್ದಲ್ಲಿ

ಅತಿ ಹೆಚ್ಚು ಗೊಂದಲ ಇಲ್ಲಿಯೇ ಉಂಟಾಗುತ್ತದೆ. ಯುಪಿಐ ಮೂಲಕ ಪಾವತಿಸಿದ ಹಣ ಗ್ರಾಹಕರ ಬ್ಯಾಂಕ್ ಖಾತೆಯಿಂದ ಕಡಿತವಾಗಿ, ವ್ಯಾಪಾರಿಗೆ ಪಾವತಿ ಖಚಿತವಾಗದಿದ್ದರೆ, ಭಾರತೀಯ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ ವಹಿವಾಟಿನ ದಿನದ ನಂತರದ 5 ದಿನಗಳೊಳಗೆ ಹಣ ತಾನಾಗಿ ಮರಳಬೇಕು. ಮೀರಿದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲತಕ್ಕದ್ದು. ಇದಕ್ಕಾಗಿ ಸಂಪರ್ಕಿಸಬೇಕಾದುದು ಬ್ಯಾಂಕನ್ನು. ಆದರೆ ಹಣವು ಆ್ಯಪ್‌ನ ಮುಂಗಡ ಖಾತೆಗೆ ಸೇರಿ, ಯಂತ್ರ ಮಾತ್ರ ಕೆಲಸ ಮಾಡದಿದ್ದರೆ ಬ್ಯಾಂಕಿನ ಹೊಣೆ ಮುಗಿದಂತೆ. ಮರುಪಾವತಿಯನ್ನು ಚಾರ್ಜಿಂಗ್ ಸಂಸ್ಥೆಯಿಂದಲೇ ಕೇಳಬೇಕು. ಎರಡೂ ಸಂದರ್ಭಗಳಲ್ಲಿ ಯಂತ್ರದ ಸಂಖ್ಯೆ, ಸಮಯ, ವಹಿವಾಟಿನ ಸಂಖ್ಯೆ ಹಾಗೂ ಯಂತ್ರದ ಪರದೆಯ ಛಾಯಾಚಿತ್ರ ಇದ್ದರೆ ದೂರು ಬೇಗ ಇತ್ಯರ್ಥವಾಗುತ್ತದೆ. ಕೇವಲ 'ಚಾರ್ಜ್ ಆಗಲಿಲ್ಲ' ಎಂದು ಬರೆದ ದೂರಿನಿಂದ ಪ್ರಯೋಜನ ಕಡಿಮೆ.

ಯೂನಿಟ್ ದರ ಮನೆಯ ದರಕ್ಕಿಂತ ಹೆಚ್ಚೆಂದು ವಿದ್ಯುತ್ ಕಚೇರಿಯಲ್ಲಿ ಆಕ್ಷೇಪಿಸಿದರೆ ಪರಿಹಾರ ದೊರೆಯದು. ಚಾರ್ಜಿಂಗ್ ಎಂಬುದು ವಿದ್ಯುತ್ ಮಾರಾಟವಲ್ಲ, ಸೇವೆ ಎಂದು ಕೇಂದ್ರ ವಿದ್ಯುತ್ ಸಚಿವಾಲಯವು 2018ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ಇದಕ್ಕೆ ಶೇ 18 ಸರಕು ಮತ್ತು ಸೇವಾ ತೆರಿಗೆ ಅನ್ವಯಿಸುತ್ತದೆಂದು, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವೇ ಸಲ್ಲಿಸಿದ್ದ ಅರ್ಜಿಯ ಮೇಲೆ, ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರವು 2023ರ ಜುಲೈನಲ್ಲಿ ತೀರ್ಪು ನೀಡಿದೆ. ಸಂಸ್ಥೆಯ ಸೇವಾ ಶುಲ್ಕವೂ ಇದಕ್ಕೆ ಸೇರುವುದರಿಂದ ದರ ಹೆಚ್ಚಾಗಿ ಕಾಣುತ್ತದೆ.

ಮನೆಯಲ್ಲಿ ಚಾರ್ಜಿಂಗ್ ಮತ್ತು ಗೃಹಜ್ಯೋತಿ

ಸ್ಥಳೀಯ ನಿವಾಸಿಗಳಿಗೆ ಮನೆಯ ಚಾರ್ಜಿಂಗ್ ಅಂತರ್ಜಾಲದ ಹಂಗಿಲ್ಲದ ಉತ್ತಮ ಮಾರ್ಗ. ಆದರೆ 2023ರ ಜುಲೈನಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಲೆಕ್ಕ ಹಾಕಿಕೊಳ್ಳುವುದು ಅವಶ್ಯ. 2022-23ನೇ ಸಾಲಿನ ಸರಾಸರಿ ಬಳಕೆಗೆ ಶೇ 10 ಸೇರಿಸಿದ ಪ್ರಮಾಣವು ಅರ್ಹ ಬಳಕೆ. ಉದಾಹರಣೆಗೆ ಸರಾಸರಿ 70 ಯೂನಿಟ್ ಬಳಸುವ ಮನೆಗೆ 77 ಯೂನಿಟ್ ಉಚಿತ. ಯೂನಿಟ್‌ಗೆ 7 ಕಿ.ಮೀ. ಓಡುವ ಕಾರನ್ನು ತಿಂಗಳಿಗೆ 800 ಕಿ.ಮೀ. ಓಡಿಸಿದರೆ ಸುಮಾರು 115 ಯೂನಿಟ್ ಹೆಚ್ಚಾಗಿ ಒಟ್ಟು 185 ಆಗುತ್ತದೆ. ಆಗ 108 ಯೂನಿಟ್‌ಗೆ ಮಾತ್ರ ಶುಲ್ಕ. ಅದೇ ಕಾರನ್ನು 1000 ಕಿ.ಮೀ. ಓಡಿಸಿದರೆ ಒಟ್ಟು ಬಳಕೆ 213ಕ್ಕೆ ಏರಿ, 200ರ ಮಿತಿ ದಾಟಿದ ಕಾರಣ ಆ ತಿಂಗಳು ಪೂರ್ಣ 213 ಯೂನಿಟ್‌ಗೂ ಬಿಲ್ ಬರುತ್ತದೆ. ಹದಿಮೂರು ಯೂನಿಟ್‌ಗಾಗಿ ಇಡೀ ತಿಂಗಳ ಸೌಲಭ್ಯ ತಪ್ಪುತ್ತದೆ.

ಇದಕ್ಕೆ ಪರಿಹಾರವಾಗಿ ವಾಹನಕ್ಕೆಂದೇ ಪ್ರತ್ಯೇಕ ಸಂಪರ್ಕ ಪಡೆಯಬಹುದಾಗಿದೆ. 2024ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಲ್ಲಿ ಈ ಹಕ್ಕನ್ನು ನೀಡಲಾಗಿದೆ. ಅದೇ ನಿಯಮಗಳಂತೆ ಪುರಸಭೆ, ನಗರಸಭೆ ವ್ಯಾಪ್ತಿಯಲ್ಲಿ 7 ದಿನ, ಗ್ರಾಮಾಂತರದಲ್ಲಿ 15 ದಿನ, ಗುಡ್ಡಗಾಡು ಗ್ರಾಮಗಳಲ್ಲಿ 30 ದಿನಗಳೊಳಗೆ ಸಂಪರ್ಕ ನೀಡಬೇಕು. ಹೊಸದಾಗಿ ಮಾರ್ಗ ಎಳೆಯಬೇಕಾದ ಕಡೆ ಈ ಅವಧಿ ಅನ್ವಯಿಸದು. ಪ್ರತ್ಯೇಕ ಮೀಟರ್‌ಗೆ ನಿಗದಿತ ಶುಲ್ಕ ಬೇರೆ ಇರುವುದರಿಂದ, ಕೇವಲ ವಿದ್ಯುತ್ ಸ್ಕೂಟರ್ ಹೊಂದಿರುವವರಿಗೆ ಇದರಿಂದ ಲಾಭವಾಗುವುದು ಅಪರೂಪ. ಅರ್ಜಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಲಾಗದವರು ನಿಗಮದ ಉಪವಿಭಾಗ ಕಚೇರಿಯಲ್ಲಿ ಕಾಗದದ ಮೇಲೆ ಸಲ್ಲಿಸಿ ಸ್ವೀಕೃತಿ ಪಡೆಯಬಹುದು. ಅಂತರ್ಜಾಲವಿಲ್ಲ ಎಂಬ ಕಾರಣಕ್ಕೆ ಅರ್ಜಿ ನಿರಾಕರಿಸುವಂತಿಲ್ಲ. ಅರ್ಜಿಗೆ ಮುನ್ನ ಪರವಾನಗಿ ಹೊಂದಿದ ಗುತ್ತಿಗೆದಾರರಿಂದ ಅರ್ಥಿಂಗ್ ಪರೀಕ್ಷಿಸಿಕೊಳ್ಳತಕ್ಕದ್ದು. ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದಾಗ ಚಾರ್ಜರ್ ಪ್ರಾರಂಭವಾಗಲು ನಿರಾಕರಿಸುತ್ತದೆ, ಮಾಲೀಕರು ವಾಹನವೇ ಕೆಟ್ಟಿದೆ ಎಂದು ಶೋರೂಮಿಗೆ ಒಯ್ಯುತ್ತಾರೆ.

ದೂರು ಸಲ್ಲಿಕೆ

ವಿದ್ಯುತ್ ವ್ಯತ್ಯಯ, ಫೇಸ್ ಕಡಿತ, ಕಡಿಮೆ ವೋಲ್ಟೇಜ್ ಇದ್ದಲ್ಲಿ ನಿಗಮದ 1912 ಸಂಖ್ಯೆಗೆ ಕರೆ ಮಾಡಿ ದೂರು ಸಂಖ್ಯೆ ಪಡೆಯುವುದು. ಅಲ್ಲಿ ಇತ್ಯರ್ಥವಾಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಆನಂತರ ವಿದ್ಯುತ್ ಒಂಬುಡ್ಸ್‌ಮನ್ ಅವರ ಮುಂದೆ ಹೋಗಬಹುದು.

ಮೊಬೈಲ್ ಅಥವಾ ಬ್ರಾಡ್‌ಬ್ಯಾಂಡ್ ದೋಷಕ್ಕೆ ಮೊದಲು ಸೇವಾ ಕಂಪನಿಯ ದೂರು ಕೇಂದ್ರ, ನಂತರ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಟ್ರಾಯ್ ಸಂಸ್ಥೆಯು ವ್ಯಕ್ತಿಗತ ದೂರುಗಳನ್ನು ವಿಚಾರಿಸುವುದಿಲ್ಲವಾದ್ದರಿಂದ ಅಲ್ಲಿಗೆ ಬರೆದು ಕಾಯುವುದು ಬೇಡ. ಆದರೆ ಅದರ 2024ರ ಸೇವಾ ಗುಣಮಟ್ಟ ನಿಯಮಾವಳಿಯಂತೆ ಜಿಲ್ಲಾ ಮಟ್ಟದ ಸಂಪರ್ಕ ಸ್ಥಗಿತ 24 ಗಂಟೆ ಮೀರಿದರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್ ಗ್ರಾಹಕರಿಗೆ ಅವಧಿ ವಿಸ್ತರಣೆ ದೊರೆಯಬೇಕು. ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ಪ್ರಕಟಿಸಬೇಕೆಂದೂ ಅದರಲ್ಲಿದೆ. ಗುಂಡ್ಲುಪೇಟೆಯಿಂದ ಮುಂದಕ್ಕೆ ಹೋಗುವವರು ಸಿಮ್ ಆಯ್ಕೆಗೆ ಮೊದಲು ಈ ನಕ್ಷೆ ನೋಡುವುದು ಉಪಯುಕ್ತ. ದೂರಸಂಪರ್ಕ ಸೇವೆಯ ವಿರುದ್ಧ ಗ್ರಾಹಕರ ಆಯೋಗಕ್ಕೆ ಹೋಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ತೀರ್ಪು ನೀಡಿದೆ.

ಚಾರ್ಜಿಂಗ್ ಸಂಸ್ಥೆಯ ವಿರುದ್ಧದ ದೂರನ್ನು ಮೊದಲು ಆ ಸಂಸ್ಥೆಗೆ ಲಿಖಿತವಾಗಿ ನೀಡಿ, ಉತ್ತರ ಬಾರದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದು. ಗುಂಡ್ಲುಪೇಟೆಯಲ್ಲಿ ತೊಂದರೆಗೊಳಗಾದ ಬೆಂಗಳೂರಿನ ಪ್ರಯಾಣಿಕರು ಚಾಮರಾಜನಗರಕ್ಕೆ ಬರಬೇಕಾಗಿಲ್ಲ. ದೂರನ್ನು ಘಟನೆ ನಡೆದ ಎರಡು ವರ್ಷಗಳೊಳಗೆ ಸಲ್ಲಿಸತಕ್ಕದ್ದು.