ಹಿಂದಿನವರು ಎಲ್ಲಿ ಹೋದರು? ವೈಜ್ಞಾನಿಕ ಕಲ್ಪನೆಯ ಆಟಗಳ ಪುರಾತನರೂ ಅಭಿಮಾನಿಗಳ ಊಹೆಗಳೂ

1992ರಲ್ಲಿ ಬಂದ ‘ಸ್ಟಾರ್ ಕಂಟ್ರೋಲ್ 2’ ಕಂಪ್ಯೂಟರ್ ಆಟದಲ್ಲಿ ಆಟಗಾರ ಏರಿ ಹೋಗುವ ನೌಕೆ ಮನುಷ್ಯರ ಕಲ್ಪನೆಯದಲ್ಲ. ಅದು ‘ಪ್ರಿಕರ್ಸರ್’ ಎಂಬ ಪುರಾತನ ಜೀವಿಗಳ ಕೈಕೆಲಸ. ನಕ್ಷತ್ರಗಳ ನಡುವೆ ಅವರ ಯಂತ್ರಗಳು ಅಲ್ಲಲ್ಲಿ ಬಿದ್ದಿವೆ, ಅವರು ಮಾತ್ರ ಇಲ್ಲ. ಎಲ್ಲಿ ಹೋದರು? ನಾಲ್ಕು ವರ್ಷ ಅಭಿಮಾನಿಗಳು ಊಹಿಸಿದ್ದೇ ಊಹಿಸಿದ್ದು. 1996ರಲ್ಲಿ ಮೂಲ ಕರ್ತೃಗಳಾದ ಫ್ರೆಡ್ ಫೋರ್ಡ್ ಮತ್ತು ಪಾಲ್ ರೀಚ್ ಇಲ್ಲದೆ ಬೇರೊಂದು ತಂಡ ಮೂರನೆಯ ಭಾಗ ತಂದು ಉತ್ತರ ಕೊಟ್ಟಿತು: ಬುದ್ಧಿಯುಳ್ಳ ಜೀವಿಗಳನ್ನೇ ಹುಡುಕಿ ನುಂಗುವ ಶಕ್ತಿಗಳ ಕಣ್ಣು ತಪ್ಪಿಸಲು ಅವರು ತಮ್ಮ ಬುದ್ಧಿಯನ್ನೇ ಕಳೆದುಕೊಂಡು ಹಸುವಿನಂಥ ಪ್ರಾಣಿಗಳಾಗಿ ಮೇಯುತ್ತಿದ್ದರು! ಅಭಿಮಾನಿಗಳಲ್ಲಿ ಅನೇಕರು ಆ ಮೂರನೆಯ ಭಾಗವನ್ನು ಇಂದಿಗೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಂಥ ಆಟಗಳ ಮೂವತ್ತು ವರ್ಷಗಳ ಕಥೆಯಲ್ಲಿ ಇದೇ ಜಗಳ ಮತ್ತೆ ಮತ್ತೆ ಬರುತ್ತದೆ. ಆಟ ಕಟ್ಟಿದವರು ಬಾಯಿ ಬಿಡದಿರುವಷ್ಟು ದಿನ ಊಹೆಗೆ ಜೀವ. ಬಾಯಿಬಿಟ್ಟ ದಿನ ಅರ್ಧ ಜನಕ್ಕೆ ನಿರಾಸೆ.

ಮಾಯವಾದ ಹಿರಿಯರ ಕಲ್ಪನೆ ಆಟಗಳಿಗಿಂತ ಹಳೆಯದು. 1936ರಲ್ಲಿ ಎಚ್.ಪಿ. ಲವ್‌ಕ್ರಾಫ್ಟ್ ಅಂಟಾರ್ಕ್ಟಿಕಾದ ಹಿಮದಡಿ ಮನುಷ್ಯಪೂರ್ವ ನಗರವೊಂದನ್ನು ಇಟ್ಟ. 1951ರಲ್ಲಿ ಪ್ರಕಟವಾದ ಆರ್ಥರ್ ಕ್ಲಾರ್ಕ್‌ನ ಕಥೆಯಲ್ಲಿ ಚಂದ್ರನ ಮೇಲೆ ಯಾರೋ ಕಾವಲಿಗಿಟ್ಟು ಹೋದ ವಸ್ತು ಸಿಗುತ್ತದೆ. 1968ರಲ್ಲಿ ಅದರ ಎಳೆಯಿಂದಲೇ ‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾ ಬಂತು. ಅದೇ ವರ್ಷ ಎರಿಕ್ ಫಾನ್ ಡ್ಯಾನಿಕನ್ ಇಂಥದ್ದನ್ನೇ ನಿಜವೆಂದು ವಾದಿಸುವ ಪುಸ್ತಕ ಬರೆದ. ನಮ್ಮಲ್ಲೂ ಈ ಚಪಲ ಕಡಿಮೆಯಿಲ್ಲ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ವನ್ನು ಭರದ್ವಾಜ ಮಹರ್ಷಿಯ ಕೃತಿಯೆಂದು ನಂಬಿದವರು ಬಹಳ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅದನ್ನು ಪರಿಶೀಲಿಸಿ, ಗ್ರಂಥ ಇಪ್ಪತ್ತನೆಯ ಶತಮಾನದ್ದು, ಅದರ ವಿಮಾನಗಳು ಹಾರಲಾರವು ಎಂದು ತೋರಿಸಿದರು. ನಂಬಿದವರು ಆಮೇಲೂ ನಂಬಿದರು. ಆಟದ ಊಹೆಗಾರನಿಗೆ ಈ ಕಷ್ಟವಿಲ್ಲ. ತಾನು ಆಡುತ್ತಿದ್ದೇನೆಂಬುದು ಅವನಿಗೆ ಗೊತ್ತು.

ಊಹೆಯನ್ನೇ ಆಟದ ಭಾಗವಾಗಿಸಿದ ಕೀರ್ತಿ ಮುಖ್ಯವಾಗಿ ಅಮೆರಿಕದ ಬಂಗೀ ಕಂಪನಿಗೆ ಸಲ್ಲಬೇಕು. 1993ರ ‘ಪಾಥ್‌ವೇಸ್ ಇನ್‌ಟು ಡಾರ್ಕ್‌ನೆಸ್’ನಲ್ಲಿ ಯುಕಟಾನ್ ನೆಲದಡಿ ಒಂದು ದೈವದಂಥ ಜೀವಿ ಮಲಗಿ ಕನಸು ಕಾಣುತ್ತಿದೆ. ಅದು ಏಳಲಿದೆ ಎಂದು ಜಾರೋ ಎಂಬ ಅನ್ಯಲೋಕದವರು ಎಚ್ಚರಿಸುತ್ತಾರೆ. ಮರುವರ್ಷದ ‘ಮ್ಯಾರಥಾನ್’ನಲ್ಲಿ ಕಥೆಯೆಲ್ಲ ಗೋಡೆಗಿರುವ ಟರ್ಮಿನಲ್‌ಗಳಲ್ಲಿ ತುಣುಕು ತುಣುಕಾಗಿ ಹಂಚಿತ್ತು. ಗುಂಡು ಹಾರಿಸುತ್ತ ಓಡುವವನಿಗೆ ಅವು ಬೇಕಿಲ್ಲ, ನಿಂತು ಓದಿದವನಿಗೆ ಬೇರೆಯೇ ಆಟ. 1996ರ ಮೂರನೆಯ ಭಾಗದಲ್ಲಿ ನಕ್ಷತ್ರವೊಂದರೊಳಗೆ ಬಂದಿಯಾದ ಪ್ರಳಯರೂಪಿ ಜೀವಿಯ ಪ್ರಸ್ತಾಪ ಬಂದಾಗ ಅಭಿಮಾನಿಗಳು ಅದನ್ನು ಯುಕಟಾನಿನ ಮಲಗಿದ ದೈವಕ್ಕೆ ಗಂಟು ಹಾಕಿದರು. ಎರಡು ಬೇರೆ ಬೇರೆ ಆಟಗಳ ಸಾಲುಗಳನ್ನು ಎದುರುಬದುರು ಇಟ್ಟು ಪಾಠಭೇದ ನೋಡುವ ಈ ಕೆಲಸ ಹಸ್ತಪ್ರತಿ ಸಂಪಾದಕರದ್ದಕ್ಕೆ ತೀರ ದೂರವೇನಲ್ಲ.

2001ರ ‘ಹೇಲೋ’ದಲ್ಲಿ ಅದೇ ಕಂಪನಿ ಫೋರ್‌ರನ್ನರ್ ಎಂಬವರನ್ನು ತಂದಿತು. ಆಕಾಶದಲ್ಲಿ ಬಳೆಯಾಕಾರದ ಲೋಕ ಕಟ್ಟಿ ಮರೆಯಾದವರು. ಅವರ ಯಂತ್ರಗಳು ಮನುಷ್ಯರ ಕೈಗೆ ಮಾತ್ರ ಓಗೊಡುವುದೇಕೆ? 2007ರ ‘ಹೇಲೋ 3’ರಲ್ಲಿ ಅವರ ಯಂತ್ರವೊಂದು ನಾಯಕನಿಗೇ ನೀನೇ ಫೋರ್‌ರನ್ನರ್ ಎನ್ನುತ್ತದೆ. ಅದೇ ಆಟದ ಗುಪ್ತ ಟರ್ಮಿನಲ್‌ಗಳು ಮಾತ್ರ ಅವರು ಬೇರೆ, ಮನುಷ್ಯರು ಬೇರೆ ಎನ್ನುವಂತಿವೆ. ಅಭಿಮಾನಿಗಳು ಎರಡು ಪಕ್ಷವಾದರು. ಮುಂದೆ ಸರಣಿ ಬೇರೆಯವರ ಕೈಗೆ ಹೋಗಿ, 2011ರಿಂದ 2013ರವರೆಗೆ ಗ್ರೆಗ್ ಬೇರ್ ಬರೆದ ಮೂರು ಕಾದಂಬರಿಗಳು ವ್ಯಾಜ್ಯ ತೀರಿಸಿದವು: ಬೇರೆ ಬೇರೆ ಜಾತಿಗಳೇ, ಇಬ್ಬರನ್ನೂ ಸೃಷ್ಟಿಸಿದವರು ಇನ್ನೂ ಹಳಬರು. ಕಾದಂಬರಿಗಳು ಸೊಗಸಾಗಿವೆ, ಆದರೆ ಸೋತ ಪಕ್ಷ ತೀರ್ಪನ್ನು ಒಪ್ಪಲಿಲ್ಲ.

ಬಂಗೀ ಮಾತ್ರ ಪಾಠ ಕಲಿಯಲಿಲ್ಲ. 2014ರ ‘ಡೆಸ್ಟಿನಿ’ಯ ಕಥೆಯನ್ನು ಆಟದ ಹೊರಗೆ ಓದಬೇಕಾದ ಕಾರ್ಡುಗಳಲ್ಲಿ ಇಟ್ಟಿತು. ಆ ಆಟದ ಶತ್ರುಶಕ್ತಿಯಾದ ‘ಕತ್ತಲೆ’ ಎಂಬುದು ಯಾರು, ಏನು ಎಂದು ಜನ ಏಳೆಂಟು ವರ್ಷ ತಲೆ ಕೆಡಿಸಿಕೊಂಡ ಮೇಲೆ 2022ರಲ್ಲಿ ಅದರ ಹಿಂದಿದ್ದವನಿಗೊಂದು ಮುಖ ಬಂತು, 2024ರಲ್ಲಿ ಅವನ ವಧೆಯೂ ಆಯಿತು.

ಚೊಕ್ಕವಾಗಿ ನಿಭಾಯಿಸಿದ್ದು ‘ಮಾಸ್ ಎಫೆಕ್ಟ್’. ಐವತ್ತು ಸಾವಿರ ವರ್ಷಕ್ಕೊಮ್ಮೆ ನಾಗರಿಕತೆಗಳನ್ನು ಕೊಯ್ಯುವ ‘ರೀಪರ್’ಗಳ ಕಥೆ. 2007ರ ಮೊದಲ ಭಾಗದಲ್ಲಿ, ಯಾರೂ ಇಳಿಯಬೇಕಿಲ್ಲದ ಗ್ರಹವೊಂದರ ವಿವರಣೆಯಲ್ಲಿ, ಕೋಟ್ಯಂತರ ವರ್ಷ ಹಳೆಯ ಸತ್ತ ನೌಕೆಯೊಂದು ಸಿಕ್ಕಿ ಮಾಯವಾದ ಪ್ರಸ್ತಾಪವಿತ್ತು. ಅಷ್ಟನ್ನೇ ಹಿಡಿದು ಅಭಿಮಾನಿಗಳು ಐದು ವರ್ಷ ಜಗ್ಗಿದರು. 2012ರ ಆಗಸ್ಟಿನಲ್ಲಿ ಬಂದ ‘ಲೆವಯಥನ್’ ಎಂಬ ಹೆಚ್ಚುವರಿ ಅಧ್ಯಾಯ ಅದರ ಮೇಲೇ ನಿಂತಿತು: ಅದು ಸತ್ತ ರೀಪರ್, ಕೊಂದವರು ಸಮುದ್ರದಡಿ ಅಡಗಿರುವ ರೀಪರ್‌ಗಳ ಮೂಲಪುರುಷರು. ಅದೇ ವರ್ಷದ ಮಾರ್ಚಿನಲ್ಲಿ ಸರಣಿಯ ಅಂತ್ಯ ರುಚಿಸದ ಕೆಲವರು, ಕೊನೆಯ ದೃಶ್ಯಗಳೆಲ್ಲ ರೀಪರ್‌ಗಳು ನಾಯಕನ ಮನಸ್ಸಿನಲ್ಲಿ ಹುಟ್ಟಿಸಿದ ಭ್ರಮೆ ಎಂದು ಸಾಧಿಸಹೊರಟಿದ್ದರು. ಆಟ ಬರೆದವರಿಗಿಂತ ಅವರ ತರ್ಕವೇ ಗಟ್ಟಿಯಿತ್ತು ಎನ್ನಬೇಕು.

2019ರ ‘ಔಟರ್ ವೈಲ್ಡ್ಸ್’ನಲ್ಲಿ ಯುದ್ಧವೇ ಇಲ್ಲ. ನೊಮಾಯ್ ಎಂಬವರು ಗೋಡೆಗಳ ಮೇಲೆ ಬರೆದಿಟ್ಟದ್ದನ್ನು ಓದಿ ಅವರು ಹೇಗೆ ಸತ್ತರೆಂದು ಕಂಡುಕೊಳ್ಳುವುದೇ ಆಟ.

ಆಟಗಳಾಚೆ, ಸರಿಯುತ್ತರ ಯಾರ ಬಳಿಯೂ ಇಲ್ಲದ ನಿಜಲೋಕದ ಊಹೆಯ ರೀತಿ ಬೇರೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಮೇಲೆ ನಾನೂರಕ್ಕೂ ಹೆಚ್ಚು ಬೃಹತ್ ಶಿಲಾ ಸ್ಮಾರಕಗಳಿವೆ. ಚಪ್ಪಡಿಗಳ ಆ ಕೋಣೆಗಳ ಕಿಂಡಿಯಲ್ಲಿ ದೊಡ್ಡವರು ತೂರುವುದು ಕಷ್ಟ. ಹಾಗಾಗಿ ಅವು ಮೋರಿಯರೆಂಬ ಕುಳ್ಳರ ಮನೆಗಳು ಎಂದರು ಸುತ್ತಲಿನ ಜನ. ಕಿಂಡಿಯ ಅಳತೆಯಿಂದ ಆಳಿನ ಅಳತೆ ತೆಗೆಯುವ ಈ ವಿಧಾನ ಆಟದ ಅಭಿಮಾನಿಗಳದ್ದೂ ಹೌದು. ಮುಂಬೈಯ ಕಾಂದಿವಲಿಯಲ್ಲಿ ಮೊಬೈಲ್ ಹಿಡಿದು ಆಡುವ ಹುಡುಗರ ಕಾಲಡಿಯಲ್ಲೂ ಇಂಥದೊಂದು ಪ್ರಕರಣವಿದೆ. ನೌಕಾಪಡೆಯ ಅಧಿಕಾರಿ ಕೆ.ಆರ್.ಯು. ಟಾಡ್ ಅಲ್ಲಿನ ಜಲ್ಲಿ, ಜೇಡಿಯ ಪದರಗಳಲ್ಲಿ ಶಿಲಾಯುಗದ ಆಯುಧಗಳನ್ನು ಹೆಕ್ಕಿ 1939ರಲ್ಲಿ ಪ್ರಬಂಧ ಪ್ರಕಟಿಸಿದರು. ಮುಂದೆ ಎಸ್.ಸಿ. ಮಲಿಕ್ ಅವನ್ನು ಮರುಪರಿಶೀಲಿಸಿದರು. ಇಲ್ಲಿ ಹೊಸ ಕಲ್ಲು ಸಿಕ್ಕರೆ ಹಳೆಯ ಊಹೆ ಬೀಳಬಹುದು, ಅಷ್ಟೆ. ಕಂಪನಿ ಬಂದು ತೀರ್ಪು ಕೊಡುವುದಿಲ್ಲ.

2024ರ ಅಕ್ಟೋಬರಿನಲ್ಲಿ ಪುಣೆಯ ಸೂಪರ್‌ಗೇಮಿಂಗ್ ಕಂಪನಿ ಬಿಡುಗಡೆ ಮಾಡಿದ ‘ಇಂಡಸ್’ ಆಟ ಈ ಪರಂಪರೆಗೆ ಭಾರತದ ಸೇರ್ಪಡೆ. ವಿರ್ಲೋಕ್ ಎಂಬ ನೆಲ, ಅಲ್ಲಿ ಬಾಳಿದ ಪುರಾತನ ಯಕ್ಷರು, ಅಲ್ಲಿ ಸಿಗುವ ಕಾಸ್ಮಿಯಮ್ ಎಂಬ ಅಮೂಲ್ಯ ದ್ರವ್ಯ. ಹೆಸರಿನ ಆಯ್ಕೆ ಜಾಣತನದ್ದು, ತೊಡಕಿನದ್ದೂ ಹೌದು. ಫೋರ್‌ರನ್ನರ್ ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಯಕ್ಷರು ಮಾತ್ರ ಕನ್ನಡದ ಆಟಗಾರನಿಗೆ ಬಸದಿಯ ಮುಂದಿನ ಬ್ರಹ್ಮದೇವರ ಕಂಬದ ಮೇಲೆ ಕೂತವರು, ಕೊಳದ ದಡದಲ್ಲಿ ಧರ್ಮರಾಯನಿಗೆ ಪ್ರಶ್ನೆ ಹಾಕಿದವರು. ಇಷ್ಟು ಪರಿಚಿತರನ್ನು ನಿಗೂಢರಾಗಿಸಲು ಗೋಡೆಬರಹ ಬೇಕು, ಓದಲು ಪುರುಸೊತ್ತು ಬೇಕು. ಕೊನೆಯವರೆಗೆ ಉಳಿದವನೇ ಗೆಲ್ಲುವ ಬ್ಯಾಟಲ್ ರಾಯಲ್‌ನಲ್ಲಿ ಕಟ್ಟಡಗಳ ಉಪಯೋಗ ಬಹುಮಟ್ಟಿಗೆ ಗುಂಡಿಗೆ ಮರೆ. ಅದೇ ಲೋಕದಲ್ಲಿ ನಿಧಾನವಾಗಿ ನಡೆದಾಡಬಹುದಾದ, ಒಬ್ಬರೇ ಆಡುವ ಕಥನವೊಂದನ್ನು ಕಂಪನಿ ಕಟ್ಟಿದರೆ ಊಹೆಗಾರರಿಗೆ ಕೆಲಸ ಸಿಕ್ಕೀತು.