ಲುಂಗಿ ಜೋಕಿನ ಜಾತಕ

ಮುಂಬಯಿಯ ಆಫೀಸುಗಳಲ್ಲಿ ಹತ್ತಿಪ್ಪತ್ತು ವರ್ಷ ಸವೆಸಿದ ಕನ್ನಡಿಗರಿಗೆ ಲುಂಗಿ ಜೋಕನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ನಾವು ಹಾಕಿರುವುದು ಪ್ಯಾಂಟು, ಆಡುತ್ತಿರುವುದು ಮರಾಠಿ, ಡಬ್ಬಿಯೊಳಗಿರುವುದು ಚಪಾತಿ-ಭಾಜಿ. ಆದರೂ ಲಂಚ್ ಟೈಮಿನಲ್ಲಿ ಯಾರಾದರೊಬ್ಬ "ಕಾಯ್ ಅಣ್ಣಾ, ಲುಂಗಿ ಕುಠೇ?" ಅನ್ನುತ್ತಾನೆ. ನಾಲ್ಕು ಜನ ನಗುತ್ತಾರೆ, ಅವರ ಜೊತೆ ನಾವೂ ನಗುತ್ತೇವೆ. ನಗದಿದ್ದರೆ 'ಇವನಿಗೆ ತಮಾಷೆ ಗೊತ್ತಾಗುವುದಿಲ್ಲ' ಎಂಬ ಇನ್ನೊಂದು ಬಿರುದು ಬರುತ್ತದೆ. ಊರಿನಲ್ಲಿ ಗೌರವದಿಂದ ಕರೆಯುವ 'ಅಣ್ಣ' ಈ ಊರಿನಲ್ಲಿ ಹೋಟೆಲಿನವನ ಅಡ್ಡಹೆಸರಾದದ್ದು ಹೇಗೆ, ಬರಿಯ ಒಂದು ಬಟ್ಟೆ ನಗೆಯ ಸಾಮಾನಾದದ್ದು ಯಾವಾಗ ಎಂದು ಹುಡುಕುತ್ತಾ ಹೋದರೆ ಈ ಜೋಕಿಗೆ ಜನ್ಮದಿನಾಂಕವೇ ಸಿಗುತ್ತದೆ ಅನ್ನಬಹುದು.

1960ರ ಆಗಸ್ಟ್ 13ರಂದು 'ಮಾರ್ಮಿಕ್' ಎಂಬ ಮರಾಠಿ ವ್ಯಂಗ್ಯಚಿತ್ರ ವಾರಪತ್ರಿಕೆ ಹೊರಬಂತು. ಮಹಾರಾಷ್ಟ್ರ ರಾಜ್ಯ ಹುಟ್ಟಿ ಆಗ ಮೂರೂವರೆ ತಿಂಗಳು. ಹೊರತಂದವರು ಬಾಳ ಠಾಕ್ರೆ ಮತ್ತು ಅವರ ತಮ್ಮ ಶ್ರೀಕಾಂತ ಠಾಕ್ರೆ. ಬಾಳ ಠಾಕ್ರೆ ಅದಕ್ಕೆ ಮೊದಲು ಫ್ರೀ ಪ್ರೆಸ್ ಜರ್ನಲ್‌ನಲ್ಲಿ ವ್ಯಂಗ್ಯಚಿತ್ರಕಾರರು. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಕೂಡ ಸ್ವಲ್ಪ ಕಾಲ ಅದೇ ಪತ್ರಿಕೆಯಲ್ಲಿದ್ದವರು, ಇಬ್ಬರ ಸ್ನೇಹ ಕೊನೆಯವರೆಗೂ ಉಳಿದಿತ್ತು. ಮೈಸೂರಿನವರ ಜೊತೆ ಸ್ನೇಹ, ಮದ್ರಾಸಿಗಳ ಮೇಲೆ ಜೋಕು.. ಎರಡೂ ಒಂದೇ ಮನುಷ್ಯನಲ್ಲಿ ಇರಬಹುದು ನೋಡಿ.

ಮಾರ್ಮಿಕ್‌ನಲ್ಲಿ ಚಿತ್ರಗಳಷ್ಟೇ ಬರುತ್ತಿರಲಿಲ್ಲ. ಅದರಲ್ಲಿ ಒಂದು ಪಟ್ಟಿ ಶುರುವಾಯಿತು. ಮುಂಬಯಿಯ ಕಂಪನಿ, ಕಚೇರಿಗಳಲ್ಲಿರುವ ಅಧಿಕಾರಿಗಳ ಹೆಸರುಗಳ ಪಟ್ಟಿ. ಅದರಲ್ಲಿ ಹೆಚ್ಚಿನವು ದಕ್ಷಿಣದವರ ಹೆಸರುಗಳು. ತಲೆಬರಹ 'ವಾಚಾ ಆಣಿ ಥಂಡ ಬಸಾ', ಅಂದರೆ ಓದಿ ಸುಮ್ಮನೆ ಕೂತಿರಿ. ಆಮೇಲೆ ಅದು 'ವಾಚಾ ಆಣಿ ಉಠಾ' ಆಯಿತು, ಓದಿ ಎದ್ದೇಳಿ. ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದ ನಾನು ಒಂದು ಮಾತು ಹೇಳಬಲ್ಲೆ: ಪಟ್ಟಿ ಎಂದರೆ ತಮಾಷೆಯಲ್ಲ. ಟ್ರಾನ್ಸ್‌ಫರ್ ಲಿಸ್ಟ್ ಇರಲಿ, ಬಾಕಿದಾರರ ಲಿಸ್ಟ್ ಇರಲಿ, ಹೆಸರು ಒಮ್ಮೆ ಅದರೊಳಗೆ ಬಂತೆಂದರೆ ಮುಂದೇನೋ ಆಗಲಿಕ್ಕಿದೆ ಎಂದೇ ಅರ್ಥ.

ಆದದ್ದೂ ಹಾಗೆಯೇ. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. 'ಬಜಾವ್ ಪುಂಗಿ, ಹಟಾವ್ ಲುಂಗಿ' ಬೀದಿಯ ಘೋಷಣೆಯಾಯಿತು. ನಮ್ಮ ಭಾಷೆಗಳು ಅವರ ಕಿವಿಗೆ ಹೇಗೆ ಬೀಳುತ್ತವೆ ಎಂಬುದಕ್ಕೆ 'ಯಂಡುಗುಂಡು' ಎಂಬ ಪದ ಬಂತು. ಪುಂಗಿ ಊದಿದವರು ಅಲ್ಲಿಗೇ ನಿಲ್ಲಲಿಲ್ಲ, ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. 1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿಯ ವಿಷಯಕ್ಕೆ ಮುಂಬಯಿ ಹೊತ್ತಿ ಉರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಪತ್ರಿಕೆಯ ಜೋಕಿನಿಂದ ಅಲ್ಲಿಗೆ ಬರಲು ಒಂಬತ್ತು ವರ್ಷವೂ ಬೇಕಾಗಲಿಲ್ಲ. ಈ ನಡುವೆ, 1968ರಲ್ಲಿ, 'ಪಡೋಸನ್' ಸಿನಿಮಾದ ಮೆಹಮೂದ್ ಜುಟ್ಟು ಬಿಟ್ಟ ಮದ್ರಾಸಿ ಸಂಗೀತದ ಮೇಷ್ಟ್ರಾಗಿ ದೇಶವನ್ನೆಲ್ಲ ನಗಿಸಿದ್ದರು. ಅದನ್ನು ನೋಡಿ ನಾನೂ ನಕ್ಕಿದ್ದೇನೆ, ಸಿನಿಮಾದ ಮೇಲೆ ನನ್ನ ತಕರಾರಿಲ್ಲ.

ಮರಾಠಿ ಹುಡುಗರ ಸಿಟ್ಟಿಗೆ ಕಾರಣವೇ ಇರಲಿಲ್ಲ ಎಂದು ಹೇಳಿದರೆ ಅನ್ಯಾಯವಾದೀತು. ಹೋರಾಡಿ ರಾಜ್ಯ ಪಡೆದರು, ಮುಂಬಯಿ ಅವರ ರಾಜಧಾನಿಯಾಯಿತು, ಆದರೆ ಕಚೇರಿಗೆ ಹೋದರೆ ಇಂಗ್ಲಿಷು, ಟೈಪಿಂಗು, ಶಾರ್ಟ್‌ಹ್ಯಾಂಡು ಕಲಿತು ಬಂದವರು ಮೊದಲೇ ಕುರ್ಚಿ ಹಿಡಿದಿದ್ದರು. ಜಗಳ ಇದ್ದದ್ದು ಆ ಕುರ್ಚಿಯ ಬಗ್ಗೆ. ಲುಂಗಿ ಬರಿಯ ನೆಪ. ಆಫೀಸಿನ ಈ ಜೋಕಿಗೆ ಉತ್ತರ ಕೊಡುವುದು ಕಷ್ಟವಾಗುವುದೂ ಅದಕ್ಕೇ. ಬಟ್ಟೆಯ ಬಗ್ಗೆ ನಾವು ಏನು ಹೇಳಿದರೂ ಅದು ಕುರ್ಚಿಗೆ ಉತ್ತರ ಆಗುವುದಿಲ್ಲ.

ಇನ್ನು ಆ 'ಮದ್ರಾಸಿ' ಎಂಬ ಪದ. ನಮ್ಮ ದಕ್ಷಿಣ ಕನ್ನಡದವರಿಗೆ ಅದನ್ನು ಪೂರ್ತಿ ಸುಳ್ಳೆನ್ನಲೂ ಬರುವುದಿಲ್ಲ ಮಾರಾಯ್ರೆ! 1956ರ ನವೆಂಬರ್ 1ರವರೆಗೆ ಉಡುಪಿ, ಮಂಗಳೂರು ಇದ್ದದ್ದು ಮದ್ರಾಸಿನ ಆಡಳಿತದಲ್ಲಿಯೇ. ಆದರೆ ಧಾರವಾಡ, ಬೆಳಗಾವಿ, ಬಿಜಾಪುರದ ಮಾತೇ ಬೇರೆ. ಕಾರವಾರದ ಕಡೆಯನ್ನಂತೂ 1862ರಲ್ಲೇ ಮದ್ರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಿದ್ದರು. 1950ರಲ್ಲಿ ಧಾರವಾಡದಿಂದ ಇಲ್ಲಿಗೆ ಬಂದವನು ಪರರಾಜ್ಯಕ್ಕೆ ಬಂದವನಲ್ಲ, ತನ್ನದೇ ರಾಜ್ಯದ ರಾಜಧಾನಿಗೆ ಬಂದವನು. ಹತ್ತು ವರ್ಷದಲ್ಲಿ ಗಡಿ ಅವನನ್ನು ದಾಟಿ ಹೋಯಿತು, ಅವನು ಕೂತಲ್ಲೇ ಇದ್ದ. ಅವನಿಗೂ 'ಮದ್ರಾಸಿ' ಎಂದೇ ಹೆಸರು.

ನಮ್ಮ ಹಿರಿಯರು ಇದಕ್ಕೆಲ್ಲ ಏನು ಉತ್ತರ ಕೊಟ್ಟರು? ಹೆಚ್ಚಿನವರು ಬಾಯಲ್ಲಿ ಕೊಡಲಿಲ್ಲ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಬ್ಯಾಂಕು ಸೇರಿದರು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳ ಕೌಂಟರಿನಲ್ಲಿ ಕೂತು ಮರಾಠಿಯಲ್ಲೇ ವ್ಯವಹಾರ ಮಾಡಿದರು. (ಇವುಗಳಲ್ಲಿ ಈಗ ಹೆಸರು ಉಳಿದದ್ದು ಕೆನರಾ ಒಂದೇ. ವಿಜಯಾ 2019ರಲ್ಲಿ, ಉಳಿದೆರಡು 2020ರಲ್ಲಿ ವಿಲೀನವಾದವು.) ನಮ್ಮ ಕಾಂದಿವಲಿಯನ್ನೇ ನೋಡಿ. 2014ರಲ್ಲೂ 2019ರಲ್ಲೂ ಈ ಉತ್ತರ ಮುಂಬಯಿ ಕ್ಷೇತ್ರ ಗೋಪಾಲ ಶೆಟ್ಟಿಯವರನ್ನು ನಾಲ್ಕು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಲೋಕಸಭೆಗೆ ಕಳಿಸಿತು. ಪಕ್ಷ ಯಾವುದಾದರೂ ಇರಲಿ, ಆ ಸರ್‌ನೇಮು ಅರುವತ್ತರ ದಶಕದಲ್ಲಿ ಯಾವ ಪಟ್ಟಿಗೆ ಸೇರುತ್ತಿತ್ತೆಂದು ನೀವೇ ಯೋಚಿಸಿ.

ಬಾಯಲ್ಲಿ ಉತ್ತರ ಕೊಟ್ಟದ್ದನ್ನು ನಾನು ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಕೊಟ್ಟವರು ನಮ್ಮವರಲ್ಲ. ತೊಂಬತ್ತರ ದಶಕದ ನಡುವೆ ನಮ್ಮ ಶಾಖೆಗೆ ಕುಂದಾಪುರದ ಕಡೆಯ ಒಬ್ಬ ಹುಡುಗ ಬಂದಿದ್ದ. ದಿನಾ ಅವನ ಮೇಲೆ ಲುಂಗಿ ಪ್ರಯೋಗ. ಹೆಡ್ ಕ್ಯಾಶಿಯರ್ ಮಾಲವಣದ ಮರಾಠಿಯವರು, ರಿಟೈರ್‌ಮೆಂಟಿಗೆ ಹತ್ತಿರವಾಗಿದ್ದವರು, ಊಟದ ಹೊತ್ತಿನಲ್ಲಿ ಮಾತು ಬಹಳ ಕಡಿಮೆ. ಒಂದು ದಿನ ಜೋಕು ಹೇಳಿದವನ ಕಡೆ ತಿರುಗಿ, "ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳು" ಅಂದರು. ಅವನು ಹೇಳಿದ. "ಇದರಲ್ಲಿ ನಗುವುದು ಎಲ್ಲಿ? ಬಿಡಿಸಿ ಹೇಳಪ್ಪ." ಅವನು ಬಿಡಿಸಿ ಹೇಳಲು ಹೊರಟ. ಜೋಕನ್ನು ಬಿಡಿಸಿದರೆ ಏನು ಉಳಿಯುತ್ತದೆ? ಅರ್ಧಕ್ಕೇ ತಡವರಿಸಿದ. ಆಗ ಆ ಹಿರಿಯರು, 1969ರಲ್ಲಿ ತಮ್ಮ ಚಾಳಿನ ಕೆಳಗಿದ್ದ ಉಡುಪಿ ಹೋಟೆಲನ್ನು ಒಡೆದಾಗ ಸಾಲದ ಪುಸ್ತಕ ರಸ್ತೆಯಲ್ಲಿ ಬಿದ್ದು ಉರಿದದ್ದನ್ನು ಹೇಳಿದರು. ತಮ್ಮದೂ ಹನ್ನೊಂದು ರೂಪಾಯಿ ಅದರಲ್ಲಿ ಬಾಕಿ ಇತ್ತಂತೆ. ಪುಸ್ತಕ ಸುಟ್ಟ ಮೇಲೆ ಯಾರೂ ಕೇಳುವಂತಿರಲಿಲ್ಲ. ಹೋಟೆಲಿನವರು ತಿರುಗಿ ಬಾಗಿಲು ತೆರೆದ ದಿನ ಇವರೇ ಹೋಗಿ ಕೊಟ್ಟು ಬಂದರಂತೆ. ಇಷ್ಟು ಹೇಳಿ ಡಬ್ಬಿ ತೊಳೆಯಲು ಎದ್ದರು. ಆ ಶಾಖೆಯಲ್ಲಿ ನಾನಿದ್ದಷ್ಟು ದಿನ ಆ ಜೋಕು ಮತ್ತೆ ಕೇಳಲಿಲ್ಲ.

ಕಂಪ್ಲೇಂಟ್ ಕೊಡಬಹುದಿತ್ತಲ್ಲ ಎಂದು ಈಗಿನ ಹುಡುಗರು ಕೇಳುತ್ತಾರೆ. ಯಾವ ಕಾಯ್ದೆಯ ಕೆಳಗೆ? ಹೆಣ್ಣುಮಕ್ಕಳ ಎದುರು ಆಡುವ ಹೊಲಸು ಜೋಕಿಗೆ ದಾರಿ ಆಗಿದೆ. ರಾಜಸ್ಥಾನದ ಭಂವರಿ ದೇವಿಯವರ ಮೇಲಾದ ಅತ್ಯಾಚಾರದ ನಂತರ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು ವಿಶಾಖಾ ಮಾರ್ಗಸೂಚಿ ಕೊಟ್ಟದ್ದು 1997ರಲ್ಲಿ, ಆಗಸ್ಟ್ 13ರಂದು (ಮಾರ್ಮಿಕ್ ಹುಟ್ಟಿದ ತಾರೀಕೇ!). ಲೈಂಗಿಕ ಅರ್ಥದ ಮಾತೂ ಕಿರುಕುಳವೇ ಎಂದು ಅದು ಸ್ಪಷ್ಟವಾಗಿ ಹೇಳಿತು. 2013ರಲ್ಲಿ ಅದಕ್ಕೆ ಕಾಯ್ದೆಯೇ ಬಂದು, ಹತ್ತು ಜನ ಇರುವ ಕಚೇರಿಯಲ್ಲೂ ಸಮಿತಿ ಕಡ್ಡಾಯವಾಯಿತು. ಅದಕ್ಕೂ ಮೊದಲು ನಮ್ಮ ಸಹೋದ್ಯೋಗಿ ಹೆಂಗಸರು ಎಷ್ಟನ್ನು ನುಂಗಿಕೊಂಡು ಲೆಡ್ಜರ್ ಬರೆದರೋ ಅವರಿಗೇ ಗೊತ್ತು.

ಆದರೆ ಊರು, ಭಾಷೆ, ಉಡುಪಿನ ಜೋಕಿಗೆ ಅಂಥ ಸಮಿತಿಯಿಲ್ಲ. ಸರ್ದಾರ್ಜಿ ಜೋಕುಗಳನ್ನು ನಿಲ್ಲಿಸಿ ಎಂದು ಹೋದವರಿಗೆ ಸುಪ್ರೀಂ ಕೋರ್ಟು 2017ರಲ್ಲಿ, ಜನರಿಗೆ ನೀತಿಪಾಠದ ನಿಯಮ ಮಾಡುವುದು ನಮ್ಮ ಕೆಲಸವಲ್ಲ ಎಂಬರ್ಥದಲ್ಲಿ ಹೇಳಿ ಕಳಿಸಿತು. ಹಾಗೆ ಹೇಳಿದ್ದು ಸರಿ ಎಂದೇ ನನಗನ್ನಿಸುತ್ತದೆ, ಜೋಕಿಗೆಲ್ಲ ಕೋರ್ಟು ಅಂದರೆ ಊರು ನಡೆಯುವುದಿಲ್ಲ. ನಮ್ಮ ಸರ್ಕಾರಿ ಬ್ಯಾಂಕುಗಳ 1976ರ ನಡತೆ ನಿಯಮದಲ್ಲಿ ಅಧಿಕಾರಿಗೆ ತಕ್ಕದ್ದಲ್ಲದ್ದನ್ನು ಮಾಡಕೂಡದು ಎಂಬ ಮಾತೊಂದಿದೆ. ಅದನ್ನು ಲುಂಗಿ ಜೋಕಿನ ಮೇಲೆ ಯಾರಾದರೂ ಬಳಸಿದ್ದನ್ನು ನಾನಂತೂ ನೋಡಿಲ್ಲ. ಉಳಿಯುವುದು ಊಟದ ಮೇಜಿನಲ್ಲಿ ಪಕ್ಕ ಕೂತವನು ಮಾತ್ರ.

ಆ ಪಕ್ಕ ಕೂತವರು ಈಗ ನಾವು. ಜೋಕು ನಮ್ಮನ್ನು ಬಿಟ್ಟು 'ಭಯ್ಯಾ'ಗಳ ಮೇಲೆ ಹೋಗಿ ಬಹಳ ಕಾಲವಾಯಿತು. 2008ರ ಅಕ್ಟೋಬರಿನಲ್ಲಿ ರೈಲ್ವೆ ಪರೀಕ್ಷೆ ಬರೆಯಲು ಬಂದ ಉತ್ತರದ ಹುಡುಗರನ್ನು ಇದೇ ಮುಂಬಯಿಯಲ್ಲಿ ಅಟ್ಟಿಸಿ ಹೊಡೆದರು. ಮತ್ತೆ ಅದೇ ಕುರ್ಚಿ. ಆಮೇಲೂ ಬೊರಿವಲಿ ಲೋಕಲಿನಲ್ಲಿ, ಸೊಸೈಟಿ ಮೀಟಿಂಗಿನಲ್ಲಿ, ಭಯ್ಯಾ ಜೋಕು ಹೇಳುವವರಲ್ಲಿ ನಮ್ಮ ಶೆಟ್ರು, ರಾಯರು, ಪೂಜಾರಿಗಳೂ ಇದ್ದಾರೆ.

ಕಳೆದ ವರ್ಷ ನಮ್ಮ ಶಾಖೆಗೆ ದರ್ಭಂಗದ ಕಡೆಯ ಹುಡುಗನೊಬ್ಬ ಪೋಸ್ಟಿಂಗ್ ಆಗಿ ಬಂದ. ತಿಂಗಳೊಳಗೆ ಅವನು ಮೇಜಿಗೆ ಬರುವುದು ಬಿಟ್ಟು ತನ್ನ ಸೀಟಿನಲ್ಲೇ ಉಣ್ಣತೊಡಗಿದ. ಜೋಕು ಹೇಳುತ್ತಿದ್ದವರು ನಮ್ಮೂರ ಕಡೆಯವರೇ. ಅವರನ್ನು ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿ, ತುಳುವಿನಲ್ಲೇ ಮಾತಾಡಿದೆ. "ನಾವೂ ಇದನ್ನೆಲ್ಲ ಕೇಳಿಸಿಕೊಂಡೇ ಬಂದವರಲ್ವಾ ಸರ್, ಏನಾಯ್ತು ನಮಗೆ?" ಅಂದರು. ಅವರ ಅಪ್ಪ ಅರುವತ್ತರ ದಶಕದಲ್ಲಿ ಗಿರಗಾಂವಿನ ಹೋಟೆಲೊಂದರಲ್ಲಿ ತಟ್ಟೆ ಎತ್ತುತ್ತಿದ್ದವರು, ಇದು ಅವರೇ ನನಗೆ ಹೇಳಿದ ವಿಷಯ. ಆಗ ಅಪ್ಪ ಏನು ಉಡುತ್ತಿದ್ದರು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕ್ಲಿಯರಿಂಗಿನ ಕೆಲಸ ಇದೆ ಎಂದು ಎದ್ದು ಹೋದರು. ಹುಡುಗ ಈಗ ಎಲ್ಲರ ಜೊತೆ ಮೇಜಿನಲ್ಲಿ ಕೂತು ಉಣ್ಣುತ್ತಾನೆ. ಆದರೂ ಪಾಟ್ನಾ ವಲಯಕ್ಕೆ ಟ್ರಾನ್ಸ್‌ಫರ್ ಕೇಳಿ ಅವನು ಕೊಟ್ಟ ಅರ್ಜಿ ನನ್ನ ಶಿಫಾರಸಿನೊಂದಿಗೆ ಮೇಲೆ ಹೋಗಿದೆ, ಅದನ್ನು ಅವನು ಹಿಂದಕ್ಕೆ ಪಡೆದಿಲ್ಲ.